ಶಹಾಬಾದ್ ಕಲ್ಲು: ಒಂದು ರೂಢಿನಾಮದ ಒಡೆತನದ ಪ್ರಶ್ನೆ

ಕಲಬುರಗಿ ಜಿಲ್ಲೆಯ ದಕ್ಷಿಣ ಮತ್ತು ಪೂರ್ವ ಭಾಗಗಳಲ್ಲಿ ಹರಡಿರುವ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಹಾಗೂ ಚಿಂಚೋಳಿ ಪರಿಸರದ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಸನ್ನತಿಯ ಅಶೋಕನ ಶಾಸನದಿಂದಲೋ, ಮಳಖೇಡದ ರಾಷ್ಟ್ರಕೂಟರಿಂದಲೋ, ನಾಗಾವಿಯ ಘಟಿಕಾಸ್ಥಾನದಿಂದಲೋ ತೊಡಗುತ್ತಾರೆ. ಅರಸರು, ದಾನಿಗಳು, ಅಧ್ಯಾಪಕರು ಈ ಚರಿತ್ರೆಯನ್ನು ತುಂಬಿಕೊಂಡಿದ್ದಾರೆ. ಅವರೆಲ್ಲರ ಕಾಲಡಿಗಿದ್ದ ಕಲ್ಲಿನ ಮಾತು ಮಾತ್ರ ಅಡಿಟಿಪ್ಪಣಿಗಷ್ಟೇ ಸೀಮಿತವಾಗಿದೆ. ಆದರೆ ಕಳೆದ ಒಂದೂವರೆ ಶತಮಾನದಲ್ಲಿ ಈ ನೆಲದ ಹೆಸರನ್ನು ಸೊಲ್ಲಾಪುರ, ಪುಣೆ, ಮುಂಬಯಿ, ಹೈದರಾಬಾದುಗಳ ಮನೆಮನೆಗೆ ಮುಟ್ಟಿಸಿದ್ದು ಶಾಸನವೂ ಅಲ್ಲ, ಕಾವ್ಯವೂ ಅಲ್ಲ. ಅಡುಗೆಮನೆಯ ಕಟ್ಟೆಗೆ, ಪಡಸಾಲೆಗೆ, ಅಂಗಳಕ್ಕೆ ಹಾಸಿದ ಬೂದುಬಣ್ಣದ ನುಣುಪು ಹಾಸುಗಲ್ಲು. ಕನ್ನಡದಲ್ಲಿ ಅದು ಶಹಾಬಾದ್ ಕಲ್ಲು, ಜನರ ಬಾಯಲ್ಲಿ ಶಾಬಾದಿ ಫರಸಿ, ಮರಾಠಿಯಲ್ಲಿ ಶಹಾಬಾದಿ ಫರಶಿ. ಇಷ್ಟು ದೂರ ಸಂಚರಿಸಿದ ಈ ಹೆಸರು ಯಾರದು? ಅದನ್ನು ಒಬ್ಬ ವರ್ತಕನು ತನ್ನ ವ್ಯಾಪಾರ ಚಿಹ್ನೆಯನ್ನಾಗಿ ಮಾಡಿಕೊಳ್ಳಬಹುದೇ? ಒಬ್ಬನಿಗೆ ಸಲ್ಲದಿದ್ದರೆ ಒಂದು ಊರಿಗಾದರೂ ಸಲ್ಲುತ್ತದೆಯೇ? ಅಥವಾ ಎಲ್ಲರ ನಾಲಗೆಯ ಮೇಲೆ ಹೊರಳಿದ ಕಾರಣಕ್ಕಾಗಿಯೇ ಅದು ಯಾರದೂ ಆಗದೆ ಉಳಿದಿದೆಯೇ? ಮೇಲುನೋಟಕ್ಕೆ ಇದು ವಕೀಲರ ಪ್ರಶ್ನೆಯಂತೆ ಕಂಡರೂ ಉತ್ತರವನ್ನು ಹುಡುಕಬೇಕಾದುದು ಬಹುಮಟ್ಟಿಗೆ ಚರಿತ್ರೆಯಲ್ಲಿ.

ಕಲ್ಲು ಹಳೆಯದು, ಹೆಸರು ಹೊಸದು. ಭೀಮಾ ನದಿಯ ಹೆಸರಿನಿಂದಲೇ ಭೂವಿಜ್ಞಾನಿಗಳು ಗುರುತಿಸುವ ಭೀಮಾ ಜಲಾನಯನದ ಶಿಲಾಸಮೂಹವು ಸುಮಾರು 5,000 ಚದರ ಕಿಲೋಮೀಟರಿನಷ್ಟು ವಿಸ್ತಾರದಲ್ಲಿ ಹಬ್ಬಿದೆ. ರಾಬರ್ಟ್ ಬ್ರೂಸ್ ಫೂಟನು 1876ರಲ್ಲಿ ಪ್ರಕಟಿಸಿದ ದಕ್ಷಿಣ ಮರಾಠಾ ಪ್ರದೇಶದ ಭೂವೈಜ್ಞಾನಿಕ ವರದಿಯಲ್ಲಿ ಈ ಸಮೂಹದ ವಿವರಗಳಿವೆ. ಮುಂದಿನ ವಿದ್ವಾಂಸರು ಇದನ್ನು ವಿಂಗಡಿಸುವಾಗ ಸುಣ್ಣಕಲ್ಲಿನ ಮುಖ್ಯ ಸ್ತರಕ್ಕೆ ‘ಶಹಾಬಾದ್’ ಎಂದೂ, ಅದನ್ನು ಒಳಗೊಂಡ ಉಪಸಮೂಹಕ್ಕೆ ‘ಸೇಡಂ’ ಎಂದೂ ಹೆಸರಿಟ್ಟರು. ಒಂದು ಶಿಲಾಸ್ತರಕ್ಕೆ ಒಮ್ಮೆ ಕೊಟ್ಟ ಹೆಸರನ್ನು ಪ್ರಪಂಚದ ಯಾವ ಭೂವಿಜ್ಞಾನಿಯೂ ಅನುಮತಿ ಕೇಳದೆ ಬಳಸುತ್ತಾನೆ. ಅಂದರೆ ಈ ಹೆಸರಿನ ಮೇಲೆ ಮೊದಲ ಸಾರ್ವಜನಿಕ ಹಕ್ಕನ್ನು ಸ್ಥಾಪಿಸಿದ ಬಳಗಗಳಲ್ಲಿ ವಿಜ್ಞಾನವೂ ಒಂದು.

ಕಲ್ಲಿನ ಬಳಕೆಯಾದರೋ ಇದಕ್ಕಿಂತ ಎರಡು ಸಾವಿರ ವರ್ಷಗಳಷ್ಟು ಹಿಂದಿನದು. ಚಿತ್ತಾಪುರ ತಾಲೂಕಿನ ಸನ್ನತಿಗೆ ಸಮೀಪದ ಕನಗನಹಳ್ಳಿಯ ಬೌದ್ಧಸ್ತೂಪದ ಶಿಲ್ಪಫಲಕಗಳು ಈ ಸುಣ್ಣಕಲ್ಲಿನವೇ. ಬ್ರಾಹ್ಮೀ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂದು ಹೆಸರು ಕೊರೆದಿರುವ ಪ್ರಸಿದ್ಧ ಫಲಕವೂ ಅವುಗಳಲ್ಲೊಂದು. ಅಲ್ಲಿ ಅರಸನ ಹೆಸರಿದೆ, ದಾನಿಗಳ ಹೆಸರುಗಳಿವೆ, ಕಥಾಪ್ರಸಂಗಗಳ ಹೆಸರುಗಳಿವೆ, ಕಲ್ಲಿಗೆ ಹೆಸರಿಲ್ಲ. ಕಾಗಿಣಾ ತೀರದ ಮಳಖೇಡದ ಕೋಟೆಗೂ ಇದೇ ಕಲ್ಲು ಒದಗಿತು. ಆಗಲೂ ಅದು ಬರಿಯ ಕಲ್ಲು. ನೆಲದಿಂದ ಪದರಪದರವಾಗಿ ಎಬ್ಬಿಸಿ ಅಲ್ಲೇ ಬಳಸುವ ವಸ್ತುವಿಗೆ ಊರಿನ ಹೆಸರು ಹಚ್ಚುವ ಅಗತ್ಯ ಯಾರಿಗೂ ಬೀಳುವುದಿಲ್ಲ. ವಸ್ತು ಊರು ಬಿಟ್ಟಾಗ ಮಾತ್ರ ಊರಿನ ಹೆಸರು ಅದಕ್ಕೆ ಅಂಟಿಕೊಳ್ಳುತ್ತದೆ.

ಕಲ್ಲು ಊರು ಬಿಟ್ಟದ್ದು ರೈಲಿನಿಂದ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಸೊಲ್ಲಾಪುರವನ್ನು ದಾಟಿ ಶಹಾಬಾದ್, ವಾಡಿಗಳ ಮೂಲಕ 1871ರಲ್ಲಿ ರಾಯಚೂರನ್ನು ಮುಟ್ಟಿತು. 1874ರಲ್ಲಿ ನಿಜಾಮನ ರೈಲ್ವೆ ವಾಡಿಯಿಂದ ಹೈದರಾಬಾದಿನ ಕಡೆಗೆ ಕವಲೊಡೆಯಿತು. ಚಿತ್ತಾಪುರ ಮತ್ತು ಸೇಡಂ ಆ ಮಾರ್ಗದ ನಿಲ್ದಾಣಗಳಾದವು. ಎತ್ತಿನಬಂಡಿಗೆ ನಾಲ್ಕು ಹರಿದಾರಿಯೂ ದುಬಾರಿಯಾಗಿದ್ದ ಭಾರವಾದ ಸರಕು ಈಗ ಮುಂಬಯಿಯವರೆಗೆ ಹೋಗತೊಡಗಿತು. ಕೊಳ್ಳುವವನು ಕಂಡದ್ದು ಕಣಿಯನ್ನಲ್ಲ, ಸರಕು ಎಲ್ಲಿಂದ ಬಂದಿತೆಂದು ಹೇಳುವ ನಿಲ್ದಾಣದ ಹೆಸರನ್ನು. ಅರೇಬಿಯಾದ ಒಳನಾಡಿನ ಕಾಫಿಗೆ ಅದನ್ನು ಹಡಗಿಗೇರಿಸಿದ ಮೋಖಾ ರೇವಿನ ಹೆಸರು ನಿಂತಂತೆ, ಸುತ್ತಲಿನ ಹತ್ತಾರು ಹಳ್ಳಿಗಳ ಕಲ್ಲಿಗೆ ಶಹಾಬಾದಿನ ಹೆಸರು ನಿಂತಿತೆಂದು ಊಹಿಸಲು ಇಲ್ಲಿ ಸಾಕಷ್ಟು ಆಧಾರವಿದೆ. ಚಿತ್ತಾಪುರದ ಕಣಿಯಲ್ಲಿ ಎದ್ದ ಕಲ್ಲು, ಸೇಡಂ ಸೀಮೆಯ ಕಲ್ಲು, ಚಿಂಚೋಳಿ ತಾಲೂಕಿನ ದಕ್ಷಿಣದ ಹಳ್ಳಿಗಳ ಕಲ್ಲು ಎಲ್ಲವೂ ಮಾರುಕಟ್ಟೆಯಲ್ಲಿ ಶಹಾಬಾದಿನದೇ. ಅಷ್ಟಕ್ಕೂ ‘ಶಹಾಬಾದ್’ ಎಂಬ ಹೆಸರೇ ಏಕೈಕವಾದುದಲ್ಲ. ಅರಸನ ಹೆಸರಿನಲ್ಲಿ ನೆಲೆಗೊಂಡ ಊರು ಎಂಬರ್ಥದ ಈ ಪಾರಸಿ ಮೂಲದ ಹೆಸರಿನ ಊರುಗಳು ಹರಿಯಾಣದಲ್ಲಿವೆ, ಉತ್ತರ ಪ್ರದೇಶದಲ್ಲಿವೆ. ಬಿಹಾರದಲ್ಲಿ ಒಂದು ಜಿಲ್ಲೆಯೇ ಬಹುಕಾಲ ಈ ಹೆಸರಿನಲ್ಲಿತ್ತು.

ಭಾಷೆಯಲ್ಲಿ ಈ ಹೆಸರು ಪಡೆದ ರೂಪಾಂತರವೂ ಗಮನಾರ್ಹವಾದುದು. ‘ಶಹಾಬಾದಿ’ ಎಂಬುದು ಮೊದಲಿಗೆ ವಿಶೇಷಣ: ಶಹಾಬಾದಿನ ಫರಸಿ ಎಂದು ಅರ್ಥ. ಕಾಲಕ್ರಮದಲ್ಲಿ ವಿಶೇಷ್ಯ ಬಿದ್ದುಹೋಗಿ ‘ಮನೆಗೆ ಶಾಬಾದಿ ಹಾಕಿಸಿದರು’ ಎಂಬ ಪ್ರಯೋಗ ಬಳಕೆಗೆ ಬಂದಿತು. ಊರಿನ ಹೆಸರು ವಸ್ತುವಿನ ಹೆಸರಾಗಿ ಮಾರ್ಪಡುವ ಕ್ರಿಯೆ ಇಲ್ಲಿಗೆ ಮುಗಿಯುತ್ತದೆ. ದಖನಿ ಉರ್ದುವಿನ ನೆರೆಯಲ್ಲಿ ಬದುಕುವ ಈ ಭಾಗದ ಕನ್ನಡಿಗರಿಗೆ ಚೀನಾದಿಂದ ಬಂದ ‘ಚೀನಿ’ ಸಕ್ಕರೆಯಾದುದು, ಮಿಸ್ರ್ ಅಂದರೆ ಈಜಿಪ್ತಿನ ‘ಮಿಸ್ರಿ’ ಕಲ್ಲುಸಕ್ಕರೆಯಾದುದು ಹೊಸ ಸಂಗತಿಯೇನಲ್ಲ. ಸಕ್ಕರೆ ತೂಗುವ ಅಂಗಡಿಯವನ ಮನಸ್ಸಿನಲ್ಲಿ ಚೀನಾ ದೇಶ ಸುಳಿಯುವುದಿಲ್ಲ. ಪುಣೆಯ ಗೌಂಡಿಯ ಮನಸ್ಸಿನಲ್ಲಿ ಶಹಾಬಾದ್ ಎಂಬ ಊರು ಸುಳಿಯುತ್ತದೆಯೇ ಎಂಬುದೇ, ಮುಂದೆ ಕಾಣುವಂತೆ, ಕಾನೂನಿನ ದೃಷ್ಟಿಯಿಂದ ನಿರ್ಣಾಯಕವಾದ ಪ್ರಶ್ನೆ.

ಹೆಸರೊಂದು ಸರ್ವಸಾಮಾನ್ಯವಾಗುವ ಈ ಬಗೆಗೆ ಸೇಡಂ ತಾಲೂಕಿನ ಮಳಖೇಡದಲ್ಲೇ ಇನ್ನೊಂದು ಪುರಾತನ ನಿದರ್ಶನವಿದೆ. ‘ಪೃಥ್ವೀವಲ್ಲಭ’ ಎಂಬ ಬಿರುದನ್ನು ಬಾದಾಮಿಯ ಚಾಲುಕ್ಯರು ಧರಿಸಿದ್ದರು. ಅವರನ್ನು ಸೋಲಿಸಿದ ರಾಷ್ಟ್ರಕೂಟರು ರಾಜ್ಯದೊಂದಿಗೆ ಬಿರುದನ್ನೂ ತೆಗೆದುಕೊಂಡರು. ರಾಷ್ಟ್ರಕೂಟರ ಅನಂತರ ಬಂದ ಕಲ್ಯಾಣದ ಚಾಲುಕ್ಯರು ಅದನ್ನೇ ಮುಂದುವರಿಸಿದರು. ‘ವಲ್ಲಭರಾಜ’ ಎಂಬುದನ್ನು ಅರಬ್ ಲೇಖಕರು ‘ಬಲ್ಹರಾ’ ಎಂದು ಬರೆದುಕೊಂಡು, ಮಾನ್ಯಖೇಟದಲ್ಲಿ ಆಳುವ ಅರಸನು ಯಾರೇ ಆಗಿರಲಿ ಅವನ ಹೆಸರು ಅದೇ ಎಂದು ತಿಳಿದರು. ಒಬ್ಬನ ಹೆಗ್ಗಳಿಕೆಯಾಗಿದ್ದ ಬಿರುದು ಪದವಿಯ ಹೆಸರಾಯಿತು. ಬಿರುದಿನ ಮೇಲಿನ ಹಕ್ಕನ್ನು ಆ ಕಾಲದಲ್ಲಿ ರಣರಂಗವು ನಿರ್ಣಯಿಸುತ್ತಿತ್ತು; ನೋಂದಣಿಯ ಕಚೇರಿ ಬಂದದ್ದು ಬಹಳ ತಡವಾಗಿ.

ಆ ಕಚೇರಿಯ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಸರಕಿನ ಮೇಲೆ ಸುಳ್ಳು ವಿವರ ಹಾಕುವುದನ್ನು ಬ್ರಿಟಿಷ್ ಇಂಡಿಯಾದಲ್ಲಿ 1889ರ ಕಾಯಿದೆ ತಡೆಯಿತು. ಚಿಹ್ನೆಗಳನ್ನು ನೋಂದಾಯಿಸುವ ವ್ಯವಸ್ಥೆ 1940ರ ಕಾಯಿದೆಯಿಂದ ಬಂದಿತು. ಶಹಾಬಾದ್ ಆಗ ನಿಜಾಮನ ರಾಜ್ಯದಲ್ಲಿದ್ದರೆ ಅದರ ಕಲ್ಲಿನ ಬಹುಪಾಲು ಗಿರಾಕಿಗಳು ಮುಂಬಯಿ ಪ್ರಾಂತದಲ್ಲಿದ್ದರು. ಸ್ವಾತಂತ್ರ್ಯಾನಂತರ 1958ರ ಕಾಯಿದೆ, ಅದರ ಸ್ಥಾನದಲ್ಲಿ 1999ರ ವ್ಯಾಪಾರ ಚಿಹ್ನೆಗಳ ಕಾಯಿದೆ ರೂಪುಗೊಂಡವು. ಈ ಕೊನೆಯದು 2003ರ ಸೆಪ್ಟೆಂಬರ್ 15ರಂದು ಜಾರಿಗೆ ಬಂದಿತು. ಅದೇ ದಿನ ಜಾರಿಗೆ ಬಂದ ಮತ್ತೊಂದು ಕಾಯಿದೆ ಭೌಗೋಳಿಕ ಸೂಚಕಗಳಿಗೆ ಸಂಬಂಧಿಸಿದುದು. ಇವೆರಡೂ ಒಂದೇ ದಿನ ಹುಟ್ಟಿದ ದಾಯಾದಿಗಳಂತೆ: ಒಂದು ಹೆಸರನ್ನು ಒಬ್ಬನಿಗೆ ಕೊಡುತ್ತದೆ, ಇನ್ನೊಂದು ಒಂದು ಸೀಮೆಯ ಉತ್ಪಾದಕರೆಲ್ಲರಿಗೂ ಕೊಡುತ್ತದೆ.

ವ್ಯಾಪಾರ ಚಿಹ್ನೆಗಳ ಕಾಯಿದೆಯ 9ನೆಯ ಪ್ರಕರಣವು ಸಾಮಾನ್ಯ ಮಾತುಗಳ ಕಾವಲುಗಾರ. ಒಬ್ಬನ ಸರಕನ್ನು ಇನ್ನೊಬ್ಬನ ಸರಕಿನಿಂದ ಬೇರ್ಪಡಿಸಿ ತೋರಿಸಲಾರದ ಹೆಸರನ್ನು ಅದು ಒಳಗೆ ಬಿಡುವುದಿಲ್ಲ. ಸರಕಿನ ಜಾತಿ, ಗುಣ, ಪ್ರಮಾಣ, ಉದ್ದೇಶ, ಬೆಲೆ ಅಥವಾ ಹುಟ್ಟಿದ ಸ್ಥಳವನ್ನಷ್ಟೇ ಸೂಚಿಸುವ ಮಾತುಗಳಿಗೂ, ದಿನಬಳಕೆಯ ಭಾಷೆಯಲ್ಲಾಗಲಿ ಆ ವ್ಯಾಪಾರದ ರೂಢಿಯಲ್ಲಾಗಲಿ ಸಾಮಾನ್ಯವಾಗಿಬಿಟ್ಟಿರುವ ಮಾತುಗಳಿಗೂ ಅದು ಬಾಗಿಲು ಮುಚ್ಚುತ್ತದೆ. ಆದರೆ ಕಿಂಡಿಯೊಂದನ್ನು ಉಳಿಸಿದೆ. ಅರ್ಜಿಯ ದಿನಕ್ಕೆ ಮೊದಲೇ ದೀರ್ಘ ಬಳಕೆಯಿಂದ ಆ ಮಾತು ಜನಮನದಲ್ಲಿ ಒಬ್ಬ ವರ್ತಕನ ಗುರುತೇ ಆಗಿಬಿಟ್ಟಿದ್ದರೆ ನೋಂದಣಿ ಸಾಧ್ಯ. ನೋಂದಣಿಯಾದ ಮೇಲೂ ಇತರರು ತಮ್ಮ ಸರಕಿನ ಗುಣವನ್ನೋ ಸ್ಥಳವನ್ನೋ ಪ್ರಾಮಾಣಿಕವಾಗಿ ವಿವರಿಸಲು ಅದೇ ಮಾತನ್ನು ಬಳಸುವುದನ್ನು ತಡೆಯಲಾಗದೆಂದು 30 ಮತ್ತು 35ನೆಯ ಪ್ರಕರಣಗಳು ಹೇಳುತ್ತವೆ. ಆದ್ದರಿಂದ ‘ಸಾಮಾನ್ಯ ಮಾತನ್ನು ನೋಂದಾಯಿಸಬಹುದೇ’ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಒಂದೇ ಉತ್ತರವಿಲ್ಲ. ಯಾವ ಸರಕಿಗೆ, ಎಷ್ಟು ಕಾಲದ ಬಳಕೆಯ ಮೇಲೆ, ಕೇಳುವವನ ಮನಸ್ಸಿನಲ್ಲಿ ಯಾವ ಅರ್ಥ ಮೂಡಿಸುತ್ತ ಎಂಬುದನ್ನು ಅವಲಂಬಿಸಿ ಉತ್ತರ ಬದಲಾಗುತ್ತದೆ.

ಸ್ಥಳನಾಮಗಳ ವಿಷಯದಲ್ಲಿ ನ್ಯಾಯಾಲಯಗಳು ಬಹಳ ಬಿಗಿಯಾಗಿ ನಡೆದುಕೊಂಡಿವೆ. ‘ಸಿಮ್ಲಾ’ ಎಂಬ ಹೆಸರನ್ನು ಸಿಗರೇಟಿಗೆ ಕೇಳಿದ ಅರ್ಜಿಯ ತಿರಸ್ಕಾರವನ್ನು ಕಲ್ಕತ್ತಾ ಉಚ್ಚ ನ್ಯಾಯಾಲಯವು 1977ರಲ್ಲಿ ಎತ್ತಿಹಿಡಿಯಿತು. ಸಿಮ್ಲಾ ಹೊಗೆಸೊಪ್ಪಿಗೆ ಹೆಸರಾದ ಊರಲ್ಲವಾದರೂ ಪ್ರಸಿದ್ಧ ಊರಿನ ಹೆಸರು ಒಬ್ಬನ ವಶವಾಗಲಿಲ್ಲ. ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1954ರಲ್ಲಿ ಇದಕ್ಕಿಂತಲೂ ಮುಂದೆ ಹೋಗಿತ್ತು. ತಾಮ್ರದ ಕೊಳವೆಗಳಿಗೆ ‘ಯಾರ್ಕ್‌ಶೈರ್’ ಎಂಬ ಚಿಹ್ನೆಯನ್ನು ಕೇಳಿದ ಕಂಪನಿಯ ಗುರುತಾಗಿಯೇ ಆ ಹೆಸರು ವ್ಯಾಪಾರದಲ್ಲಿ ಪೂರ್ಣವಾಗಿ ನೆಲೆಗೊಂಡಿದೆಯೆಂಬುದನ್ನು ಎದುರುಪಕ್ಷ ಒಪ್ಪಿಕೊಂಡಿದ್ದರೂ, ಅಷ್ಟು ದೊಡ್ಡ ಸೀಮೆಯ ಹೆಸರನ್ನು ಒಬ್ಬರಿಗೆ ಕೊಡಲಾಗದೆಂದು ತೀರ್ಪಾಯಿತು. ಈ ಅಳತೆಗೋಲಿನಲ್ಲಿ ನೋಡಿದರೆ ಹಾಸುಗಲ್ಲಿಗೆ ‘ಶಹಾಬಾದ್’ ಎಂಬ ಬರಿಯ ಹೆಸರು ಯಾವ ಒಬ್ಬ ಕಣಿಯ ಮಾಲೀಕನ ಪಾಲಿಗೂ ಬರಲಾರದು. ಅದು ಸ್ಥಳನಾಮ, ಆ ಸರಕಿನ ಜಾತಿನಾಮ, ವ್ಯಾಪಾರದ ರೂಢಿನಾಮ. 9ನೆಯ ಪ್ರಕರಣದ ಒಂದಲ್ಲ, ಮೂರು ಅಡ್ಡಗಟ್ಟೆಗಳು ಅದರ ಮುಂದಿವೆ.

ಕರ್ನಾಟಕದ ಮಟ್ಟಿಗೆ ಈ ವಿಷಯದಲ್ಲಿ ಹೆಚ್ಚು ಚರ್ಚೆಗೊಳಗಾದ ತೀರ್ಪು ‘ನಂದಿನಿ’ಯದು. ಕರ್ನಾಟಕ ಹಾಲು ಉತ್ಪಾದಕರ ಮಹಾಮಂಡಲವು 1985ರಿಂದ ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಬಳಸುತ್ತ ಬಂದ ಹೆಸರದು. 1989ರಲ್ಲಿ ಆರಂಭವಾದ ಬೆಂಗಳೂರಿನ ನಂದಿನಿ ಡಿಲಕ್ಸ್ ಎಂಬ ಉಪಾಹಾರಗೃಹವು ಕೆಲವು ಆಹಾರಪದಾರ್ಥಗಳಿಗೆ ತನ್ನ ಹೆಸರನ್ನು ನೋಂದಾಯಿಸಲು ಹೋದಾಗ ಮಹಾಮಂಡಲವು ಆಕ್ಷೇಪಿಸಿತು. ಕೆಳಗಿನ ಹಂತಗಳಲ್ಲಿ ಬೇರೆಬೇರೆ ತೀರ್ಮಾನಗಳನ್ನು ಕಂಡ ಈ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿ, 2018ರ ಜುಲೈ 26ರಂದು ಇತ್ಯರ್ಥವಾಯಿತು. ನಂದಿನಿಯೆಂಬುದು ಪುರಾಣಪ್ರಸಿದ್ಧವಾದ ಗೋವಿನ ಹಾಗೂ ದೇವತೆಯ ಹೆಸರು, ಮಹಾಮಂಡಲವು ಕಲ್ಪಿಸಿದ ಹೊಸ ಶಬ್ದವಲ್ಲ, ಇಬ್ಬರ ಸರಕೂ ಚಿತ್ರರೂಪವೂ ಬೇರೆ ಎಂಬ ಕಾರಣಗಳಿಂದ ನ್ಯಾಯಾಲಯವು ಎರಡೂ ಹೆಸರುಗಳು ಜೊತೆಯಾಗಿ ಬದುಕಬಹುದೆಂದಿತು; ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಮಾತ್ರ ಉಪಾಹಾರಗೃಹಕ್ಕೆ ಬಿಟ್ಟುಕೊಡಲಿಲ್ಲ. 2015ರಲ್ಲಿ ಊದುಬತ್ತಿಯ ‘ರಾಮಾಯಣ’ ಎಂಬ ಹೆಸರಿನ ಮೊಕದ್ದಮೆಯಲ್ಲಿಯೂ ಅದೇ ನ್ಯಾಯಾಲಯವು ಗ್ರಂಥನಾಮವೊಂದನ್ನು ಹಾಗೆಯೇ ಎತ್ತಿಕೊಂಡು ಏಕಸ್ವಾಮ್ಯ ಸ್ಥಾಪಿಸಲಾಗದೆಂದು ಹೇಳಿತ್ತು. ಮೂವತ್ತು ವರ್ಷಗಳ ಶ್ರಮದಿಂದ ರೈತರ ಸಹಕಾರ ಸಂಸ್ಥೆಯೊಂದು ಒಂದು ಹೆಸರಿಗೆ ತಂದ ಗೌರವ ನ್ಯಾಯಾಲಯದ ತಕ್ಕಡಿಯಲ್ಲಿ ಕಡಿಮೆ ತೂಗಿತೆಂದು ವಾದಿಸುವವರಿದ್ದಾರೆ. ಆದರೆ ಪುರಾಣದಿಂದ ಹೆಸರನ್ನು ಎತ್ತಿಕೊಳ್ಳುವವರು, ಆ ಹೆಸರಿಗೆ ಮೊದಲೇ ಇದ್ದ ಸಾವಿರ ವರ್ಷಗಳ ಗೌರವವನ್ನು ಪುಕ್ಕಟೆಯಾಗಿ ಪಡೆದಿರುತ್ತಾರೆಂಬುದನ್ನೂ ಮರೆಯುವಂತಿಲ್ಲ.

ಪದಕ್ಕಿಂತ ಪದಪುಂಜದ ಸಮಸ್ಯೆ ಇನ್ನೂ ಸೂಕ್ಷ್ಮವಾದುದು. ‘ಯೇ ದಿಲ್ ಮಾಂಗೇ ಮೋರ್’ ಎಂಬ ತಂಪುಪಾನೀಯದ ಘೋಷವಾಕ್ಯವನ್ನು 1999ರ ಕಾರ್ಗಿಲ್ ಯುದ್ಧದಲ್ಲಿ ಕ್ಯಾಪ್ಟನ್ ವಿಕ್ರಮ್ ಬಾತ್ರಾ ತಮ್ಮ ವಿಜಯದ ಸಂಕೇತವಾಕ್ಯವನ್ನಾಗಿ ಮಾಡಿಕೊಂಡರು. ಅಂದಿನಿಂದ ಅದು ಪಾನೀಯಕ್ಕಿಂತ ಹೆಚ್ಚಾಗಿ ಅವರನ್ನು ನೆನಪಿಸುವ ಮಾತಾಯಿತು. ಅದೇ ಘೋಷವಾಕ್ಯವು ಎರಡು ಪಾನೀಯ ಕಂಪನಿಗಳ ನಡುವಣ ವ್ಯಾಜ್ಯದಲ್ಲಿ ಬಂದಾಗ, ದೆಹಲಿ ಉಚ್ಚ ನ್ಯಾಯಾಲಯವು 2003ರಲ್ಲಿ ಇಂಥ ಘೋಷವಾಕ್ಯಗಳಿಗೆ ಕೃತಿಸ್ವಾಮ್ಯದ ರಕ್ಷಣೆ ಮೇಲುನೋಟಕ್ಕೆ ಸಿಗದೆಂದಿತು. 2025ರ ಮೇ 7ರಂದು ‘ಆಪರೇಷನ್ ಸಿಂದೂರ್’ ಎಂಬ ಸೈನಿಕ ಕಾರ್ಯಾಚರಣೆ ಪ್ರಕಟವಾದ ಬೆನ್ನಲ್ಲೇ ಆ ಹೆಸರನ್ನು ಮನರಂಜನೆಯ ವರ್ಗದಲ್ಲಿ ತಮಗೆ ಕೊಡಬೇಕೆಂದು ಅರ್ಜಿಗಳು ಸಲ್ಲಿಕೆಯಾದವು. ಸಾರ್ವಜನಿಕ ಆಕ್ರೋಶದ ನಡುವೆ ಒಂದು ದೊಡ್ಡ ಸಂಸ್ಥೆ ತನ್ನ ಅರ್ಜಿಯನ್ನು ಹಿಂತೆಗೆದುಕೊಂಡಿತು. ಇಂಥ ಪದಪುಂಜ ಕಲಬುರಗಿ ಸೀಮೆಯಲ್ಲೂ ಒಂದಿದೆ: ‘ತೊಗರಿಯ ಕಣಜ’. ಪತ್ರಿಕೆಯವರು, ಮಂತ್ರಿಗಳು, ಶಾಲೆಯ ಮಕ್ಕಳು ಎಲ್ಲರೂ ಈ ಜಿಲ್ಲೆಗೆ ಕೊಡುವ ವಿಶೇಷಣವದು. ನಾಳೆ ಒಂದು ದಾಲ್ ಮಿಲ್ಲು ತನ್ನ ಚೀಲದ ಮೇಲೆ ಇದನ್ನು ಅಚ್ಚುಹಾಕಿ, ನೋಂದಣಿ ಕೇಳಿ, ಪಕ್ಕದ ಮಿಲ್ಲಿಗೆ ನೋಟೀಸು ಕೊಟ್ಟರೆ? ಬೇಳೆಯ ಮಟ್ಟಿಗೆ ಈ ಮಾತು ಸರಕಿನ ಜಾತಿಯನ್ನೂ ಸ್ಥಳವನ್ನೂ ಹೊಗಳಿ ಹೇಳುವ ವಿವರಣೆಯಷ್ಟೇ ಆಗಿರುವುದರಿಂದ 9ನೆಯ ಪ್ರಕರಣದ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಅದೇ ಮಾತನ್ನು ಒಬ್ಬನು ಸೈಕಲ್ಲಿಗೋ ಬನಿಯನ್ನಿಗೋ ಕೇಳಿದರೆ ವಾದದ ದಾರಿಯೇ ಬೇರೆಯಾಗುತ್ತದೆ. ಕಾನೂನು ಮಾತನ್ನು ಕಾಯುವುದಿಲ್ಲ. ಮಾತು ಮತ್ತು ಸರಕಿನ ನಡುವಣ ಸಂಬಂಧವನ್ನು ಕಾಯುತ್ತದೆ.

ಈ ಭೇದವನ್ನು ಅರಿಯಲು ವಾಡಿ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳ ಕಡೆಗೆ ನೋಡಬೇಕು. ಫರಸಿಯಾಗಿ ಏಳುವ ಕಲ್ಲೂ ಸಿಮೆಂಟಾಗಿ ಸುಡುವ ಕಲ್ಲೂ ಮೂಲತಃ ಒಂದೇ ಸುಣ್ಣಕಲ್ಲಿನ ಸ್ತರಕ್ಕೆ ಸೇರಿದವು. ಶಹಾಬಾದಿನಲ್ಲಿ 1920ರ ದಶಕದಲ್ಲೇ ಸಿಮೆಂಟ್ ಕಂಪನಿಯೊಂದು ತಲೆಯೆತ್ತಿತು. ಊರಿನ ಹೆಸರೇ ಅದರ ಹೆಸರು. 1936ರಲ್ಲಿ ಟಾಟಾ, ಖಟಾವ್, ಕಿಲಿಕ್ ನಿಕ್ಸನ್ ಮತ್ತು ಎಫ್.ಇ. ದಿನ್‌ಶಾ ಬಳಗಗಳ ಸಿಮೆಂಟ್ ಕಂಪನಿಗಳು ಒಂದಾಗಿ ಅಸೋಸಿಯೇಟೆಡ್ ಸಿಮೆಂಟ್ ಕಂಪನೀಸ್ ರೂಪುಗೊಂಡಾಗ ಶಹಾಬಾದ್ ಸಿಮೆಂಟ್ ಕಂಪನಿ ಅದರಲ್ಲಿ ವಿಲೀನವಾಯಿತು. ಅಲ್ಲಿಂದ ಮುಂದೆ ಚೀಲದ ಮೇಲೆ ಉಳಿದದ್ದು ಎ.ಸಿ.ಸಿ. ಎಂಬ ಮೂರಕ್ಷರ. 1968ರಲ್ಲಿ ವಾಡಿಯ ಕಾರ್ಖಾನೆ ಆರಂಭವಾದಾಗ ಅದಕ್ಕೂ ಅದೇ ಹೆಸರು. ‘ಕೂಡಿಕೊಂಡ ಸಿಮೆಂಟ್ ಕಂಪನಿಗಳು’ ಎಂಬಷ್ಟೇ ಅರ್ಥದ ನೀರಸ ವಿವರಣೆಯೊಂದು ಮೊದಲಕ್ಷರಗಳಾಗಿ ಸಂಕ್ಷೇಪಗೊಂಡು, ದಶಕಗಳ ಬಳಕೆಯಿಂದ ಗಟ್ಟಿ ಚಿಹ್ನೆಯಾದುದು ಮೇಲೆ ಹೇಳಿದ ಕಿಂಡಿಗೆ ಒಳ್ಳೆಯ ಉದಾಹರಣೆ. ಸೇಡಂನ ಕಾರ್ಖಾನೆಗೆ ಸಂಸ್ಕೃತ ಸಾಹಿತ್ಯದ ಸುಪರಿಚಿತ ನಾಯಕಿ ವಾಸವದತ್ತೆಯ ಹೆಸರು ಬಂದಿತು. ಅದರ ಸಿಮೆಂಟು ‘ಬಿರ್ಲಾ ಶಕ್ತಿ’ ಎಂದು ಮಾರಾಟವಾಯಿತು. ವಾಸವದತ್ತೆಗೂ ಸಿಮೆಂಟಿಗೂ ಯಾವ ಸಂಬಂಧವೂ ಇಲ್ಲದಿರುವುದೇ ಚಿಹ್ನೆಯ ದೃಷ್ಟಿಯಿಂದ ಅದರ ಬಲ. ‘ಶಕ್ತಿ’ ಎಂಬುದು ಸಿಮೆಂಟಿನ ಗುಣವನ್ನು ಹೇಳಿಬಿಡುವುದೇ ಅದರ ದೌರ್ಬಲ್ಯ. ಚಿಂಚೋಳಿ ತಾಲೂಕಿನ ಸುಣ್ಣಕಲ್ಲು ತಮಿಳುನಾಡಿನ ಚೆಟ್ಟಿನಾಡಿನ ಹೆಸರು ಹೊತ್ತು ಹೊರಗೆ ಹೋಗುತ್ತದೆ.

ಹಾಸುಗಲ್ಲಿಗೆ ಇಂಥ ಅವಕಾಶವೇ ಇರಲಿಲ್ಲ. ಕಣಿಯಲ್ಲಿ ಹಾರೆ, ಉಳಿ, ಸುತ್ತಿಗೆಗಳಿಂದ ಪದರ ಬಿಡಿಸಿ, ಅಂಚು ಕತ್ತರಿಸಿ, ಲಾರಿಗೇರಿಸುವ ಫರಸಿಗೆ ಚೀಲವಿಲ್ಲ, ಚೀಟಿಯಿಲ್ಲ. ಒಬ್ಬನ ಕಣಿಯ ಕಲ್ಲು ದಲಾಲನ ಅಂಗಳದಲ್ಲಿ ಇನ್ನೊಬ್ಬನ ಕಲ್ಲಿನೊಂದಿಗೆ ಬೆರೆತುಹೋಗುತ್ತದೆ. ಗುರುತು ಹಾಕಲು ಜಾಗವೇ ಇಲ್ಲದ ಸರಕಿನಲ್ಲಿ ಗುರುತಿನ ಹಕ್ಕು ಹುಟ್ಟುವುದು ಕಷ್ಟ. ಹೀಗಾಗಿ ಅದೇ ಕಲ್ಲು ಇಡಿಯಾಗಿದ್ದಾಗ ಎಲ್ಲರ ಹೆಸರಿನಲ್ಲಿ, ಪುಡಿಯಾದಾಗ ಒಬ್ಬರ ಹೆಸರಿನಲ್ಲಿ ಮಾರಾಟವಾಗುತ್ತ ಬಂದಿದೆ. ಕಣಿಗಳ ಮಾತಿನಲ್ಲಿ ಇದಕ್ಕೆ ವಿರುದ್ಧ ದಿಕ್ಕಿನ ಸಂಚಾರವೂ ಉಂಟು. ನೆಲ ಅಗೆಯುವ ಯಂತ್ರ ಯಾವ ಕಂಪನಿಯದಾದರೂ ಅದು ‘ಹಿಟಾಚಿ’ ಅಥವಾ ‘ಜೆಸಿಬಿ’. ಕಂಪನಿಗಳು ಹಣ ಸುರ್ದು ಕಾಯ್ದುಕೊಂಡ ಹೆಸರನ್ನು ಜನರು ಹಣವಿಲ್ಲದೆ ಸಾಮಾನ್ಯನಾಮವಾಗಿ ಮಾಡಿಬಿಡುತ್ತಾರೆ.

ಒಬ್ಬನಿಗೆ ಸಲ್ಲದ ‘ಶಹಾಬಾದ್’ ಸೀಮೆಗೆ ಸಲ್ಲುತ್ತದೆಯೇ ಎಂಬುದು ಉಳಿದ ಪ್ರಶ್ನೆ. ಭೌಗೋಳಿಕ ಸೂಚಕಗಳ ಕಾಯಿದೆಯು ಕೃಷಿ ಉತ್ಪನ್ನ, ನೈಸರ್ಗಿಕ ವಸ್ತು ಮತ್ತು ತಯಾರಿಸಿದ ಸರಕು ಮೂರಕ್ಕೂ ಅನ್ವಯಿಸುತ್ತದೆ; ಕಲ್ಲಿಗೆ ಅಡ್ಡಿಯಿಲ್ಲ. ರಾಜಸ್ಥಾನದ ಮಕ್ರಾನಾ ಅಮೃತಶಿಲೆ ಈ ನೋಂದಣಿಯನ್ನು ಪಡೆದಿದೆ. ಕಲಬುರಗಿ ಜಿಲ್ಲೆಯದೇ ಆದ ಕಮಲಾಪುರದ ಕೆಂಪುಬಾಳೆಗೂ, 2019ರಲ್ಲಿ ಗುಲ್ಬರ್ಗಾ ತೊಗರಿಬೇಳೆಗೂ ಅದು ದೊರೆತಿದೆ. ಆದರೆ ಈ ಕಾಯಿದೆಯಲ್ಲಿಯೂ ಒಂದು 9ನೆಯ ಪ್ರಕರಣವಿದೆ. ಮೂಲತಃ ಒಂದು ಸ್ಥಳಕ್ಕೆ ಸಂಬಂಧಿಸಿದ್ದರೂ ಆ ಮೂಲಾರ್ಥವನ್ನು ಕಳೆದುಕೊಂಡು ಸರಕಿನ ಸಾಮಾನ್ಯನಾಮವಾಗಿ ಮಾರ್ಪಟ್ಟ ಹೆಸರನ್ನು ಅದು ನೋಂದಾಯಿಸದು. ಹೆಸರು ಹಾಗೆ ಮಾರ್ಪಟ್ಟಿದೆಯೇ ಎಂದು ನಿರ್ಧರಿಸುವಾಗ ಅದು ಹುಟ್ಟಿದ ಪ್ರದೇಶದ ಸ್ಥಿತಿಯನ್ನೂ ಸರಕು ಬಳಕೆಯಾಗುವ ಪ್ರದೇಶದ ಸ್ಥಿತಿಯನ್ನೂ ನೋಡಬೇಕೆಂದು ಕಾಯಿದೆಯೇ ಹೇಳುತ್ತದೆ. ಪುಣೆಯ ಗೌಂಡಿಯ ಮನಸ್ಸಿನ ಪ್ರಶ್ನೆ ಇಲ್ಲಿ ಮರಳಿ ಬರುತ್ತದೆ. ‘ಶಹಾಬಾದಿ’ ಎಂದರೆ ಅವನಿಗೆ ಕರ್ನಾಟಕದ ಒಂದು ಊರಿನ ಕಲ್ಲೋ, ನೆಲಕ್ಕೆ ಹಾಸುವ ಒರಟು ಬೂದುಗಲ್ಲಿನ ಒಂದು ಬಗೆಯೋ? ರಾಜ್ಯದ ಉಪಖನಿಜಗಳ ರಾಜಧನದ ಪಟ್ಟಿಯೂ ಇದನ್ನು ‘ಶಹಾಬಾದ್ ಕಲ್ಲು’ ಎಂಬ ಒಂದು ಜಾತಿಯಾಗಿಯೇ ಗುರುತಿಸುತ್ತ ಬಂದಿದೆ. ತೆರಿಗೆ ಕಟ್ಟಿಸಿಕೊಳ್ಳಲು ಅನುಕೂಲವಾದ ಈ ಸಾಮಾನ್ಯೀಕರಣವೇ ಹಕ್ಕು ಕೇಳುವ ದಿನ ಎದುರಾಳಿಯ ಕೈಯಲ್ಲಿ ಸಾಕ್ಷಿಯಾಗಿ ನಿಲ್ಲಬಹುದು.

ಮತ್ತೊಂದು ತೊಡಕು ನಕ್ಷೆಯದು. ಅರ್ಜಿಯೊಂದಿಗೆ ಸರಕು ಹುಟ್ಟುವ ಸೀಮೆಯ ನಕ್ಷೆಯನ್ನು ಕೊಡಬೇಕು. ಹೆಸರು ಬಳಸುವ ಹಕ್ಕು ಗೆರೆಯೊಳಗಿನವರಿಗೆ ಮಾತ್ರ. ಗೆರೆಯನ್ನು ಎಲ್ಲಿ ಎಳೆಯುವುದು? ಬಹುಕಾಲ ಚಿತ್ತಾಪುರ ತಾಲೂಕಿನೊಳಗಿದ್ದ ಶಹಾಬಾದ್ ಈಗ ತಾನೇ ಒಂದು ತಾಲೂಕು. ಅಷ್ಟಕ್ಕೇ ಗೆರೆ ಎಳೆದರೆ ವಾಡಿ, ಸೇಡಂ, ಚಿಂಚೋಳಿಗಳ ಕಣಿಗಳು ಒಂದೂವರೆ ಶತಮಾನದಿಂದ ಬಳಸುತ್ತ ಬಂದ ಹೆಸರಿನಿಂದ ಹೊರಗಾಗುತ್ತವೆ. ಕಲ್ಲಿನ ಸ್ತರವನ್ನೇ ಅನುಸರಿಸಿ ಗೆರೆ ಎಳೆದರೆ ಅದು ರಾಜ್ಯದ ಗಡಿಯನ್ನು ದಾಟಿ ತೆಲಂಗಾಣದ ತಾಂಡೂರಿಗೆ ಹೋಗುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು ಗುಲ್ಬರ್ಗಾ ಜಿಲ್ಲೆಗೇ ಸೇರಿದ್ದವು. ಆ ವರ್ಷದ ಕಾಯಿದೆಯು ಅವೆರಡನ್ನು ಬಿಟ್ಟು ಉಳಿದ ಜಿಲ್ಲೆಯನ್ನು ಮೈಸೂರು ರಾಜ್ಯಕ್ಕೆ ಸೇರಿಸಿತು. ಅಂದಿನಿಂದ ನೆಲದಡಿಯ ಅದೇ ಕಲ್ಲು ಒಂದು ಬದಿಗೆ ಶಹಾಬಾದ್, ಇನ್ನೊಂದು ಬದಿಗೆ ತಾಂಡೂರು ಕಲ್ಲು. ತೊಗರಿಗೂ ಇದೇ ಗತಿಯಾಯಿತು: ಗುಲ್ಬರ್ಗಾ ತೊಗರಿಬೇಳೆ ನೋಂದಣಿಯಾದ ಮೂರು ವರ್ಷಗಳ ಮೇಲೆ, 2022ರಲ್ಲಿ ತಾಂಡೂರು ತೊಗರಿ ತನ್ನದೇ ಹೆಸರಿನಲ್ಲಿ ನೋಂದಣಿ ಪಡೆಯಿತು. ಭಾಷಾವಾರು ಗಡಿಯು ನೆಲವನ್ನು ವಿಭಜಿಸಿದ್ದಕ್ಕಿಂತ ಆಳವಾಗಿ ಹೆಸರುಗಳನ್ನು ವಿಭಜಿಸಿದೆ. ತೊಗರಿಯ ದಾಖಲೆಯಲ್ಲಿ ಇನ್ನೊಂದು ವೈಚಿತ್ರ್ಯವೂ ಇದೆ. 2014ರ ನವೆಂಬರ್ 1ರಂದು ನಗರವೂ ಜಿಲ್ಲೆಯೂ ಅಧಿಕೃತವಾಗಿ ಕಲಬುರಗಿಯಾದವು. ಐದು ವರ್ಷಗಳ ಅನಂತರ ನೋಂದಣಿಯ ಪುಸ್ತಕದಲ್ಲಿ ದಾಖಲಾದ ಹೆಸರು ಮಾತ್ರ ‘ಗುಲ್ಬರ್ಗಾ’ದ್ದೇ, ಕೊಳ್ಳುವವರ ನಾಲಗೆಯಲ್ಲಿ ಉಳಿದದ್ದು ಅದೇ ಆಗಿತ್ತು. ಸರಕಾರದ ಆಜ್ಞೆಯಿಂದ ಊರಿನ ಹೆಸರು ಬದಲಾಯಿತು, ಬೇಳೆಯ ಹೆಸರು ಬದಲಾಗಲಿಲ್ಲ.

ಇವೆಲ್ಲ ತೊಡಕುಗಳ ನಡುವೆಯೂ ಶಹಾಬಾದ್ ಕಲ್ಲಿಗೆ ಸೀಮೆಯ ಹಕ್ಕನ್ನು ಕೇಳುವ ವಾದ ಬಲಹೀನವಾದುದಲ್ಲ. ಮೂಲಪ್ರದೇಶದ ಸ್ಥಿತಿಯನ್ನು ನೋಡಬೇಕೆಂದು ಕಾಯಿದೆ ಹೇಳುವಾಗ, ಆ ಪ್ರದೇಶದಲ್ಲಿ ಈ ಹೆಸರು ಇಂದಿಗೂ ಜೀವಂತವಾದ ಊರಿನದು, ರೈಲು ನಿಲ್ದಾಣದ್ದು, ತಾಲೂಕಿನದು. ಡಾರ್ಜಿಲಿಂಗ್ ಚಹಾದ ಹೆಸರೂ ಲೋಕವೆಲ್ಲ ಹಬ್ಬಿತ್ತು. ಹಬ್ಬಿದ ಮಾತ್ರಕ್ಕೆ ಊರಿನ ಅರ್ಥ ಸತ್ತಿತೆಂದು ಯಾರೂ ತೀರ್ಮಾನಿಸಲಿಲ್ಲ. ಡಾರ್ಜಿಲಿಂಗಿಗೆ ಚಹಾ ಮಂಡಳಿಯಿತ್ತು, ನಂದಿನಿಗೆ ಮಹಾಮಂಡಲವಿತ್ತು. ಅರ್ಜಿ ಹಾಕಲು ಉತ್ಪಾದಕರ ಸಂಘವೋ ಪ್ರಾತಿನಿಧಿಕ ಸಂಸ್ಥೆಯೋ ಬೇಕೆಂದು ಕಾಯಿದೆ ವಿಧಿಸುತ್ತದೆ. ದಿನಗೂಲಿಯ ಮೇಲೆ ಪದರ ಬಿಡಿಸುವ ಕಲ್ಲುಕುಟಿಗರು, ಸಣ್ಣ ಕಣಿಗಳ ಗುತ್ತಿಗೆದಾರರು, ಪಾಲಿಶ್ ಯಂತ್ರದವರು, ದಲಾಲರು ಇವರಲ್ಲಿ ಆ ಹೆಸರನ್ನು ಕೇಳಬೇಕಾದವರು ಯಾರು ಎಂಬುದು ಹೆಸರಿನ ಪ್ರಶ್ನೆಗಿಂತ ದೊಡ್ಡದು. ವಿಟ್ರಿಫೈಡ್ ಟೈಲುಗಳು ಪಡಸಾಲೆಯಿಂದ ಫರಸಿಯನ್ನು ಹೊರದೂಡಿರುವ ಈ ಕಾಲದಲ್ಲಿ ಅದು ತುರ್ತಿನದೂ ಹೌದು.

ವಾಡಿಯಿಂದಲೂ ಸೇಡಂನಿಂದಲೂ ಹೊರಡುವ ಸಿಮೆಂಟ್ ಚೀಲಗಳ ಮೇಲೆ ಕಂಪನಿಯ ಚಿಹ್ನೆಯ ಕೆಳಗೆ ಸಣ್ಣಕ್ಷರಗಳಲ್ಲಿ ಒಂದು ಸಾಲು ಇರುತ್ತದೆ: ಪೋರ್ಟ್‌ಲ್ಯಾಂಡ್ ಪೊಜೊಲಾನಾ ಸಿಮೆಂಟ್. ಪೋರ್ಟ್‌ಲ್ಯಾಂಡ್ ಎಂಬುದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಒಂದು ನಡುಗಡ್ಡೆ. ಅಲ್ಲಿಯ ಕಟ್ಟಡಗಲ್ಲನ್ನು ಹೋಲುತ್ತದೆಂಬ ಕಾರಣಕ್ಕೆ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ತಾನು ಹಕ್ಕುಪತ್ರ ಪಡೆದ ಸಿಮೆಂಟಿಗೆ ಆ ಹೆಸರಿಟ್ಟ. ಪೊಜೊಲಾನಾ ಎಂಬುದು ಇಟಲಿಯ ನೇಪಲ್ಸಿಗೆ ಸಮೀಪದ ಪೊಜುವೊಲಿ ಎಂಬ ಊರಿನ ಬೂದಿಮಣ್ಣಿನಿಂದ ಬಂದುದು. ಎರಡೂ ಊರುಗಳು ತಮ್ಮ ಹೆಸರನ್ನು ಜಗತ್ತಿಗೆ ಬಿಟ್ಟುಕೊಟ್ಟು ಬಹಳ ಕಾಲವಾಯಿತು. ಅವುಗಳನ್ನು ಅಚ್ಚುಹಾಕಲು ಯಾವ ಕಾರ್ಖಾನೆಯೂ ಯಾರ ಅನುಮತಿಯನ್ನೂ ಕೇಳಬೇಕಾಗಿಲ್ಲ. ಚೀಲದೊಳಗಿನ ಪುಡಿ ಬಹುಪಾಲು ಶಹಾಬಾದ್ ಸ್ತರದ ಸುಣ್ಣಕಲ್ಲಿನಿಂದಾದುದು. ಅದರ ಹೆಸರು ಆ ಸಾಲಿನಲ್ಲಿಲ್ಲ.